ಕುಂಡದ ಮಣ್ಣಿಗೆ ಮೊದಲು ಗಾಳಿ, ಆಮೇಲೆ ಗೊಬ್ಬರ

ತಾರಸಿಯ ಕುಂಡದಲ್ಲಿ ಬದನೆ ಗಿಡ ಸೊರಗಿತು ಅಂದರೆ ಕೈ ಮೊದಲು ಹೋಗುವುದು ಗೊಬ್ಬರದ ಚೀಲಕ್ಕೆ. ಇನ್ನೊಂದು ಹಿಡಿ ಎರೆಗೊಬ್ಬರ, ಇನ್ನೊಂದು ಹಿಡಿ ಬೇವಿನ ಹಿಂಡಿ, ಮೇಲೊಂದು ಚೆಂಬು ಜೀವಾಮೃತ. ಅದೇ ಗಿಡವನ್ನು ಬುಡಸಮೇತ ಕಿತ್ತು ನೋಡಿದರೆ ಕಾಣುವುದೇ ಬೇರೆ. ಬೇರುಗಳೆಲ್ಲ ಮೇಲ್ಭಾಗದಲ್ಲೇ ಕುಂಡದ ಗೋಡೆಗೆ ಅಂಟಿಕೊಂಡು ಸುತ್ತಿರುತ್ತವೆ, ನಡುವಿನ ಮಣ್ಣು ಹಸಿ ಇಟ್ಟಿಗೆಯ ಹಾಗೆ ಗಟ್ಟಿ, ತಳದ ಎರಡು ಮೂರು ಇಂಚು ಕಪ್ಪಗಾಗಿ ಚರಂಡಿ ವಾಸನೆ. ಆ ಗಿಡಕ್ಕೆ ಹಸಿವಾಗಿರಲಿಲ್ಲ, ಉಸಿರು ಕಟ್ಟಿತ್ತು.

ಹೊಲದ ಮಣ್ಣಿನಲ್ಲಿ ನೀರು ಇಳಿಯಲು ಹತ್ತಾರು ದಾರಿ ಇರುತ್ತವೆ. ಎರೆಹುಳುವಿನ ಬಿಲ, ಸತ್ತ ಬೇರು ಬಿಟ್ಟ ಜಾಡು, ಕೆಳಗಿನ ಒಣ ಪದರದ ಎಳೆತ. ಕುಂಡದಲ್ಲಿ ಒಂದಡಿಗೆ ಮಣ್ಣು ಮುಗಿದುಹೋಗುತ್ತದೆ. ಮುಗಿದ ಕಡೆ ನೀರು ನಿಲ್ಲುತ್ತದೆ, ತೂತು ಎಷ್ಟಿದ್ದರೂ ನಿಲ್ಲುತ್ತದೆ. ನಂಬಿಕೆ ಬರದಿದ್ದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದೇ ಸ್ಪಂಜನ್ನು ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಮಲಗಿದ್ದಾಗ ಉಳಿದಿದ್ದ ಆ ನೀರೇ ಕುಂಡದ ತಳದಲ್ಲಿ ಸದಾ ಉಳಿಯುವ ನೀರು. ಅದು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಮಿಶ್ರಣದ ಕಣಗಳ ದಪ್ಪ. ನುಣುಪು ಮಣ್ಣಾದರೆ ಅರ್ಧ ಕುಂಡ ಕೆಸರು. ಒರಟು ಮಿಶ್ರಣವಾದರೆ ತಳದ ಒಂದೆರಡು ಇಂಚು ಮಾತ್ರ.

ತಳಕ್ಕೆ ಜಲ್ಲಿ ಹಾಸುವ ಪದ್ಧತಿ ಕೆಲಸ ಮಾಡದಿರುವುದೂ ಇದೇ ಕಾರಣಕ್ಕೆ. ನುಣುಪು ಮಣ್ಣಿನಲ್ಲಿರುವ ನೀರು ತಾನಾಗಿ ಒರಟು ಜಲ್ಲಿಗೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಅಲ್ಲೇ ತೂಗಿಕೊಂಡಿರುತ್ತದೆ. ಎರಡು ಇಂಚು ಜಲ್ಲಿ ಹಾಕಿದರೆ ಕೆಸರಿನ ಪದರ ಎರಡು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ, ಅಷ್ಟೇ. ಮಣ್ಣು ಸೋರದಂತೆ ತೂತಿನ ಮೇಲೆ ಹಳೆಯ ಸೊಳ್ಳೆ ಪರದೆಯ ತುಂಡೊಂದನ್ನು ಹಾಸಿದರೆ ಸಾಕು. 20 ಲೀಟರಿನ ಪೇಂಟ್ ಬಕೆಟ್ಟಿಗೆ ತಳದಲ್ಲಿ 6ರಿಂದ 8 ತೂತು, ಒಂದೊಂದೂ 8–10 ಮಿಲಿಮೀಟರ್. ಗೋಡೆಯಲ್ಲಿ ತಳದಿಂದ ಒಂದು ಇಂಚಿನೊಳಗೆ ಇನ್ನು ನಾಲ್ಕು. ತಾರಸಿಯ ನೆಲಕ್ಕೆ ಬಕೆಟ್ ಅಂಟಿ ಕೂತು ತಳದ ತೂತು ಮುಚ್ಚಿಹೋದಾಗ ಕೈಹಿಡಿಯುವುದು ಈ ಪಕ್ಕದ ತೂತುಗಳೇ.

ಗಾಳಿಯನ್ನು ಅಳೆಯುವುದು

ಯಾವ ಮಿಶ್ರಣವನ್ನೇ ಮಾಡಿ, ಕುಂಡಕ್ಕೆ ತುಂಬುವ ಮೊದಲು ಇದೊಂದು ಪರೀಕ್ಷೆ ಮಾಡಿ. ಹತ್ತು ನಿಮಿಷದ ಕೆಲಸ. 1 ಲೀಟರಿನ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ನಾಲ್ಕೈದು ತೂತು ಹೊಡೆದು ಹೊರಗಿನಿಂದ ಟೇಪು ಅಂಟಿಸಿ. ತುಸು ತೇವ ಇರುವ ಮಿಶ್ರಣವನ್ನು ಅಂಚಿನವರೆಗೆ ತುಂಬಿ, ಡಬ್ಬಿಯನ್ನು ಎರಡು ಸಲ ನೆಲಕ್ಕೆ ಮೆಲ್ಲಗೆ ಕುಟ್ಟಿ, ಇಳಿದಷ್ಟನ್ನು ಮತ್ತೆ ತುಂಬಿ. ಈಗ ಅಂಚಿನಿಂದ ನಿಧಾನವಾಗಿ ನೀರು ಬಿಡಿ. ಗುಳ್ಳೆ ಬರುವುದು ನಿಂತು ಮೇಲ್ಮೈಯಲ್ಲಿ ನೀರು ಹೊಳೆಯತೊಡಗಿದಾಗ ನಿಲ್ಲಿಸಿ. ಒಂದು ಬೋಗುಣಿಯ ಮೇಲೆ ಹಿಡಿದು ಟೇಪು ಕಿತ್ತುಬಿಡಿ. ತೊಟ್ಟಿಕ್ಕುವುದು ನಿಂತ ಮೇಲೆ ಬೋಗುಣಿಯ ನೀರನ್ನು ಅಳೆಯಿರಿ.

ಇಳಿದು ಬಂದ ನೀರಿನ ಜಾಗಕ್ಕೆ ಒಳಗೆ ಗಾಳಿ ಸೇರಿರುತ್ತದೆ. 150ರಿಂದ 200 ಮಿಲಿಲೀಟರ್ ಬಂದರೆ, ಅಂದರೆ ನೂರಕ್ಕೆ 15–20 ಪಾಲು ಗಾಳಿ ಇದ್ದರೆ, ತರಕಾರಿಗೂ ಹೂವಿಗೂ ಒಳ್ಳೆಯ ಮಿಶ್ರಣ. 100ಕ್ಕಿಂತ ಕಡಿಮೆ ಬಂದರೆ ಮಳೆಗಾಲದಲ್ಲಿ ಬೇರು ಕೊಳೆಯುವುದು ಖಂಡಿತ. 300 ದಾಟಿದರೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಕೊಡಬೇಕಾಗುತ್ತದೆ. ಬರೀ ಕೆಂಪು ಮಣ್ಣನ್ನು ಹೀಗೆ ಅಳೆದು ನೋಡಿ, ನೀರು ತೊಟ್ಟಿಕ್ಕುವುದೇ ಕಷ್ಟ. ಕಣ್ಣೆದುರು ಇದನ್ನು ನೋಡಿದ ಮೇಲೆ ಯಾರೂ ಬರೀ ಮಣ್ಣು ತುಂಬುವುದಿಲ್ಲ.

ಮಣ್ಣು

ದಕ್ಷಿಣ ಕರ್ನಾಟಕದ ಕೆಂಪು ಮಣ್ಣು ಕುಂಡಕ್ಕೆ ಒಳ್ಳೆಯದೇ, ಸಾಮಾನ್ಯವಾಗಿ ಮೂರನೇ ಒಂದು ಪಾಲು ಮೀರದಿದ್ದರೆ. ಅದರಲ್ಲಿರುವ ಜೇಡಿ ಕಣಗಳು ಪೋಷಕಾಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ, ಕುಂಡಕ್ಕೆ ಗಾಳಿಗೆ ಉರುಳದಷ್ಟು ತೂಕ ಕೊಡುತ್ತವೆ. ಮಣ್ಣೇ ಇಲ್ಲದ ಮಿಶ್ರಣ ಬೇಕೆನ್ನುವವರಿದ್ದಾರೆ. ಆದರೆ ಸಾವಯವ ಗೊಬ್ಬರ ನಿಧಾನವಾಗಿ ಕರಗಿ ಬಿಡುವ ಸಾರವನ್ನು ಹಿಡಿದುಕೊಳ್ಳಲು ಒಂದಿಷ್ಟು ಮಣ್ಣು ಇದ್ದರೆ ಎರಡನೇ ಬೆಳೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಎಲ್ಲಿಯ ಮಣ್ಣು ಅನ್ನುವುದು ಮುಖ್ಯ. ಪಾಯ ತೋಡಿ ರಾಶಿ ಹಾಕಿದ ಮಣ್ಣು ಬೇಡ. ಅದು ಹತ್ತಡಿ ಕೆಳಗಿನ ನಿರ್ಜೀವ ಮಣ್ಣು, ಜೊತೆಗೆ ಸಿಮೆಂಟು, ಸುಣ್ಣದ ಚೂರು ಸೇರಿರುತ್ತದೆ. ಅನುಮಾನ ಬಂದರೆ ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿ. ಬುಸುಬುಸು ನೊರೆ ಬಂದರೆ ಸುಣ್ಣ ಇದೆ, ಬಿಟ್ಟುಬಿಡಿ. ಹೊಲದ ಅಥವಾ ತೋಟದ ಮೇಲಿನ ಆರು ಇಂಚಿನ ಮಣ್ಣು ಒಳ್ಳೆಯದು, ಆದರೆ ತುಂಗೆ ಎಂಬ ಕಳೆಹುಲ್ಲಿನ ಗಡ್ಡೆ ಇದೆಯೇ ನೋಡಿ. ಒಂದು ಗಡ್ಡೆ ಒಳಗೆ ಬಂದರೆ ವರ್ಷಗಟ್ಟಲೆ ಕೀಳುತ್ತಿರಬೇಕು. ಕೆರೆ ಹೂಳು ಕೆಂಪು ಮಣ್ಣಿನ ಹೊಲಕ್ಕೆ ಚಿನ್ನ, ನಮ್ಮ ರೈತರು ತಲೆತಲಾಂತರದಿಂದ ಹೊಡೆದುಕೊಂಡು ಬಂದಿದ್ದಾರೆ. ಕುಂಡಕ್ಕೆ ಮಾತ್ರ ಅದು ತೀರಾ ನುಣುಪು. ಕೊಳಚೆ ನೀರು ಸೇರುವ ನಗರದ ಕೆರೆಯ ಹೂಳಂತೂ ತಿನ್ನುವ ಸೊಪ್ಪಿನ ಹತ್ತಿರಕ್ಕೂ ಬೇಡ.

ಜರಡಿ 6 ಮಿಲಿಮೀಟರಿನದಿರಲಿ. ಮಣ್ಣು ತುಸು ತೇವ ಇರುವಾಗ ಜರಡಿ ಹಿಡಿಯಿರಿ. ಒಣಗಿದ್ದರೆ ಪುಡಿಪುಡಿಯಾಗಿ ಉಂಡೆಗಟ್ಟಿದ ಒಳ್ಳೆಯ ರಚನೆಯೇ ಹಾಳಾಗುತ್ತದೆ, ಒದ್ದೆಯಾಗಿದ್ದರೆ ಮೆತ್ತಿಕೊಳ್ಳುತ್ತದೆ. ಅಡುಗೆಮನೆಯ ಜರಡಿಯಂಥ ಸಣ್ಣ ಕಣ್ಣಿನದನ್ನು ಬಳಸಿದರೆ ಗಾಳಿಯ ಜಾಗವನ್ನು ನೀವೇ ಸೋಸಿ ಎಸೆದ ಹಾಗೆ.

ಕೊಕೊಪೀಟ್ ತೊಳೆಯುವ ಬಗೆ

ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರಿನ ಘಟಕಗಳ ಪಕ್ಕ ಬೆಟ್ಟದಂತೆ ಬಿದ್ದಿರುವ ಕಂದು ಪುಡಿಯೇ ಈ ಕೊಕೊಪೀಟ್. ಒತ್ತಿ ಇಟ್ಟಿಗೆ ಮಾಡಿದ 5 ಕೆ.ಜಿ. ಬ್ಲಾಕ್ 20–25 ಲೀಟರ್ ನೀರು ಕುಡಿದು 60ರಿಂದ 70 ಲೀಟರಿನಷ್ಟು ಉಬ್ಬುತ್ತದೆ. ಹಗುರ, ನೀರು ಹಿಡಿಯುವುದರಲ್ಲಿ ಎತ್ತಿದ ಕೈ. ತೊಂದರೆ ಒಂದೇ, ಉಪ್ಪು. ತೆಂಗಿನ ಸಿಪ್ಪೆಯಲ್ಲೇ ಪೊಟ್ಯಾಸಿಯಮ್, ಸೋಡಿಯಂ, ಕ್ಲೋರೈಡ್ ಹೇರಳವಾಗಿರುತ್ತವೆ. ತೊಳೆಯದೆ ಹಾಕಿದರೆ ಎಲೆಯಂಚು ಸುಟ್ಟಂತಾಗುತ್ತದೆ, ಮೊಳಕೆ ಏಳುವುದಿಲ್ಲ.

ಬ್ಲಾಕ್ ಪೂರ್ತಿ ಉಬ್ಬಿದ ಮೇಲೆ ಈರುಳ್ಳಿ ಚೀಲಕ್ಕೆ ಹಳೆಯ ಪಂಚೆ ಹಾಸಿ ಅದರಲ್ಲಿ ತುಂಬಿ, ಮೇಲಿನಿಂದ ನೀರು ಹೊಯ್ದು ಬಸಿಯಲು ಬಿಡಿ. ಹೀಗೆ ಮೂರು ಸಲ. ಬಣ್ಣ ನೋಡಿ ನಿರ್ಧರಿಸುವುದು ತಪ್ಪು. ಚಹಾದಂಥ ಕಂದು ಬಣ್ಣ ಬರುವುದು ಟ್ಯಾನಿನ್‌ನಿಂದ, ಉಪ್ಪಿಗೆ ಬಣ್ಣವಿಲ್ಲ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ, ಕುಡಿಯುವ ನೀರಿಗೆ ಬಳಸುವ ಸಣ್ಣ ಟಿಡಿಎಸ್ ಮೀಟರ್ ಇದ್ದರೆ ಬಸಿದ ನೀರಿಗೆ ಅದ್ದಿ ನೋಡಿ. ನಿಮ್ಮ ನಲ್ಲಿ ನೀರಿನ ಅಂಕಿಗಿಂತ 200–300 ಮಾತ್ರ ಹೆಚ್ಚಿದ್ದರೆ ತೊಳೆದದ್ದು ಸಾಕು, ಸಾವಿರ ಹೆಚ್ಚಿದ್ದರೆ ಇನ್ನೆರಡು ಸಲ ತೊಳೆಯಿರಿ.

ತೊಳೆದರೂ ಹೋಗದ ಒಂದಿಷ್ಟು ಸೋಡಿಯಂ, ಪೊಟ್ಯಾಸಿಯಮ್ ನಾರಿನ ಕಣಕ್ಕೇ ಅಂಟಿಕೊಂಡಿರುತ್ತದೆ. ಆಮೇಲೆ ಅದು ನೀವು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾನು ಹಿಡಿದುಕೊಂಡು ಬದಲಿಗೆ ಉಪ್ಪನ್ನು ಬಿಡುತ್ತದೆ. ಕೊಕೊಪೀಟ್ ಹೆಚ್ಚಿರುವ ಕುಂಡದಲ್ಲಿ ಟೊಮೆಟೊ ಕಾಯಿಯ ತಳ ಕೊಳೆಯುವುದು ಬೇಗ ಕಾಣಿಸಲು ಇದೂ ಒಂದು ಕಾರಣ. ಅದಕ್ಕೆ 25 ಲೀಟರ್ ನೀರಿಗೆ 50 ಗ್ರಾಂ ಜಿಪ್ಸಂ (ಕ್ಯಾಲ್ಸಿಯಂ ಇರುವ ಖನಿಜದ ಪುಡಿ) ಕಲಕಿ, ಒಮ್ಮೆ ತೊಳೆದ ಕೊಕೊಪೀಟನ್ನು ಒಂದು ರಾತ್ರಿ ಅದರಲ್ಲಿ ನೆನೆಸಿ, ಬೆಳಿಗ್ಗೆ ಬಸಿದು ಮತ್ತೆ ತೊಳೆಯಿರಿ. ಜಿಪ್ಸಂ ನೀರಿನಲ್ಲಿ ಕರಗುವುದೇ ಕಡಿಮೆ, ಲೀಟರಿಗೆ ಎರಡು ಗ್ರಾಂ ಚಿಲ್ಲರೆ, ಹಾಗಾಗಿ ಹೆಚ್ಚು ಹಾಕಿ ಪ್ರಯೋಜನವಿಲ್ಲ. ಇಷ್ಟೆಲ್ಲ ಬೇಡವೆನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದಿರುವ, ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕಾ ಫರ್ಮೆಂಟೆಡ್ ಕೊಕೊಪೀಟ್’ ಇದೆ. ಸಸಿ ಎಬ್ಬಿಸಲು ಅದು ಬಹಳ ಚೆನ್ನು.

ಒಟ್ಟು ಮಿಶ್ರಣದಲ್ಲಿ ಕೊಕೊಪೀಟ್ ಮೂರನೇ ಒಂದು ಪಾಲಿಗಿಂತ ಹೆಚ್ಚಾದರೆ ನೀರಿನ ಅಂದಾಜೇ ತಪ್ಪುತ್ತದೆ. ಮೇಲ್ಮೈ ಒಣಗಿ ಬಿಳಿಚಿಕೊಂಡಿರುತ್ತದೆ, ಎರಡು ಇಂಚು ಕೆಳಗೆ ಹಿಂಡಿದರೆ ನೀರು. ಒಣಗಿದೆ ಅಂದುಕೊಂಡು ಮತ್ತೆ ನೀರು ಹೊಯ್ಯುತ್ತೇವೆ.

ಗೊಬ್ಬರ ಪಕ್ವವಾಗಿದೆಯೇ

ಎರೆಗೊಬ್ಬರವಾಗಲಿ, ಅಡುಗೆಮನೆ ಕಸದ ಕಾಂಪೋಸ್ಟ್ ಆಗಲಿ, ಕೊಟ್ಟಿಗೆ ಗೊಬ್ಬರವಾಗಲಿ, ಪೂರ್ತಿ ಮಾಗಿರಬೇಕು. ಒಂದು ಹಿಡಿ ತೇವದ ಗೊಬ್ಬರವನ್ನು ಜಿಪ್ ಕವರಿಗೆ ಹಾಕಿ, ಗಾಳಿ ತೆಗೆದು ಮುಚ್ಚಿ ಮೂರು ದಿನ ಇಡಿ. ತೆರೆದಾಗ ಮಳೆ ಬಿದ್ದ ನೆಲದ ವಾಸನೆ ಬಂದರೆ ಸರಿ. ಹುಳಿ ವಾಸನೆ ಅಥವಾ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ, ಕವರ್ ಉಬ್ಬಿದ್ದರೆ, ಇನ್ನೂ ಮೂರು ನಾಲ್ಕು ವಾರ ಬೇಕು. ಇದಕ್ಕಿಂತ ನಂಬಿಕಸ್ತ ಪರೀಕ್ಷೆ ಮೆಂತ್ಯದ್ದು: ಒಂದು ಲೋಟದಲ್ಲಿ ಅರ್ಧ ಗೊಬ್ಬರ ಅರ್ಧ ಮಣ್ಣು, ಇನ್ನೊಂದರಲ್ಲಿ ಬರೀ ಮಣ್ಣು, ಎರಡಕ್ಕೂ ಹತ್ತು ಹತ್ತು ಮೆಂತ್ಯ ಕಾಳು. ಐದಾರು ದಿನದಲ್ಲಿ ಗೊಬ್ಬರದ ಲೋಟದಲ್ಲಿ ಮೊಳಕೆ ಕಡಿಮೆ ಬಂದರೆ ಅಥವಾ ಬೇರಿನ ತುದಿ ಕಂದಾಗಿದ್ದರೆ ಆ ಗೊಬ್ಬರ ಇನ್ನೂ ಹಸಿ.

ಅರೆಬೆಂದ ಕೊಟ್ಟಿಗೆ ಗೊಬ್ಬರದ ಜೊತೆ ಗೊಣ್ಣೆ ಹುಳುವೂ ಬರುತ್ತದೆ. ಇಂಗ್ಲಿಷಿನ ಸಿ ಅಕ್ಷರದಂತೆ ಮುದುಡಿ ಮಲಗಿರುವ ಬಿಳಿ ಹುಳು, ಕಂದು ತಲೆ. ಕುಂಡದಲ್ಲಿ ಅಂಥವು ಎರಡು ಮೂರಿದ್ದರೆ ಗಿಡದ ಬೇರು ಉಳಿಯುವುದಿಲ್ಲ. ಗೊಬ್ಬರವನ್ನು 10 ಮಿಲಿಮೀಟರ್ ಜರಡಿಯಲ್ಲಿ ಹಾಯಿಸುವುದೇ ಇದಕ್ಕೆ ಸುಲಭ ಉಪಾಯ.

ಎರೆಗೊಬ್ಬರ ಒಳ್ಳೆಯದೆಂದು ಅರ್ಧಕ್ಕರ್ಧ ಹಾಕುವವರಿದ್ದಾರೆ. ಅದು ಚಹಾಪುಡಿಯಂಥ ಸಣ್ಣ ಕಣ. ಹೆಚ್ಚಾದಷ್ಟೂ ಗಾಳಿಯ ಸಂದುಗಳನ್ನೇ ತುಂಬುತ್ತದೆ, ಉಪ್ಪಿನಂಶವೂ ಏರುತ್ತದೆ. ನೂರಕ್ಕೆ 25 ಸಾಕು, ಸೊಪ್ಪಿಗೆ 35ರವರೆಗೆ.

ಸಡಿಲಗೊಳಿಸುವ ವಸ್ತು

ಮಂಡ್ಯ, ದಾವಣಗೆರೆ, ಗಂಗಾವತಿ, ಸಿಂಧನೂರಿನಂಥ ಭತ್ತದ ಸೀಮೆಯವರಿಗೆ ಸುಟ್ಟ ಭತ್ತದ ಹೊಟ್ಟು ಕೈಗೆಟಕುವ ವಸ್ತು. ಅಗ್ಗ, ಹಗುರ, ಬೇಗ ಕೊಳೆಯುವುದಿಲ್ಲ. ಆದರೆ ಹೊಟ್ಟಿನ ದೋಣಿಯಾಕಾರ ಇನ್ನೂ ಉಳಿದಿರುವ ಕಪ್ಪು ಇದ್ದಿಲೇ ಬೇಕು. ಪೂರ್ತಿ ಉರಿದ ಬೂದು ಬಣ್ಣದ ಪುಡಿ ಬಂದರೆ ಅದು ಬೂದಿ, ಗಾಳಿ ಕೊಡುವ ಬದಲು ಸಂದು ಮುಚ್ಚುತ್ತದೆ, ಕ್ಷಾರವೂ ಹೆಚ್ಚು. ಹೊಟ್ಟು ಸಿಗದಿದ್ದರೆ ದಪ್ಪ ಮರಳು, ಇಲ್ಲವೇ ಕುಟ್ಟಿದ ಇಟ್ಟಿಗೆಯ 4–8 ಮಿಲಿಮೀಟರ್ ಚೂರು. ಎಂ-ಸ್ಯಾಂಡ್ ಹಾಕುವುದಾದರೆ ಬಕೆಟ್ಟಿನಲ್ಲಿ ಕಲಕಿ ಬೂದು ನೀರು ಹೋಗುವವರೆಗೆ ತೊಳೆಯಿರಿ. ಅದರ ಕಲ್ಲಿನ ಧೂಳು ಮಣ್ಣಿನ ಜೊತೆ ಸೇರಿದರೆ ಕಾಂಕ್ರೀಟಿನಂತೆ ಕೂತುಬಿಡುತ್ತದೆ. ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) ಕೆಲಸ ಮಾಡುತ್ತದೆ, ಆದರೆ ಹೊಟ್ಟು ಸಿಗುವ ಊರಿನಲ್ಲಿ ಅದಕ್ಕೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಅಳತೆ ಮತ್ತು ಕಲಸುವುದು

ಅಳತೆಯೆಲ್ಲ ಬಕೆಟ್ಟಿನಲ್ಲಿ, ತೂಕದಲ್ಲಲ್ಲ. 100 ಲೀಟರಿಗೆ: ಜರಡಿ ಹಿಡಿದ ಕೆಂಪು ಮಣ್ಣು 30 ಲೀಟರ್, ತೊಳೆದು ಬಸಿದ ಕೊಕೊಪೀಟ್ 30, ಮಾಗಿದ ಗೊಬ್ಬರ 25, ಸುಟ್ಟ ಹೊಟ್ಟು ಅಥವಾ ದಪ್ಪ ಮರಳು 15. ಇದರ ಮೇಲೆ ಬೇವಿನ ಹಿಂಡಿ 500 ಗ್ರಾಂ, ಹೊಂಗೆ ಹಿಂಡಿ 250 ಗ್ರಾಂ, ಎಲುಬಿನ ಪುಡಿ 200 ಗ್ರಾಂ, ಟ್ರೈಕೋಡರ್ಮಾ (ರೋಗದ ಶಿಲೀಂಧ್ರಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ 50 ಗ್ರಾಂ. ಎಲುಬಿನ ಪುಡಿ ಮನೆಗೆ ಒಗ್ಗದಿದ್ದರೆ ಬಿಟ್ಟುಬಿಡಿ, ಗೊಬ್ಬರವನ್ನು 5 ಲೀಟರ್ ಹೆಚ್ಚಿಸಿ. ತರಕಾರಿಗೆ ಬೇಕಾದ ರಂಜಕ ಒಳ್ಳೆಯ ಕಾಂಪೋಸ್ಟಿನಲ್ಲೇ ಸಿಗುತ್ತದೆ. ಕಲಸಿದ ಮೇಲೆ 100 ಲೀಟರ್ ಇರುವುದಿಲ್ಲ, ಸಣ್ಣ ಕಣ ದೊಡ್ಡ ಕಣದ ನಡುವೆ ಕೂತು 85–90ಕ್ಕೆ ಇಳಿಯುತ್ತದೆ. 20 ಲೀಟರಿನ ನಾಲ್ಕು ಬಕೆಟ್ಟಿಗೆ ಲೆಕ್ಕ ಸರಿಹೋಗುತ್ತದೆ.

ಹಿಂಡಿ, ಪುಡಿಗಳನ್ನು ನೇರ ರಾಶಿಯ ಮೇಲೆ ಚೆಲ್ಲಬೇಡಿ. ಮೊದಲು ಐದು ಲೀಟರ್ ಗೊಬ್ಬರಕ್ಕೆ ಬೆರೆಸಿ, ಆಮೇಲೆ ಅದನ್ನು ರಾಶಿಗೆ ಸೇರಿಸಿ. ಇಲ್ಲದಿದ್ದರೆ ಒಂದು ಬಕೆಟ್ಟಿಗೆ ಹಿಂಡಿಯೆಲ್ಲ ಹೋಗಿ ಇನ್ನೊಂದು ಬರಿದಾಗುತ್ತದೆ. ಟಾರ್ಪಾಲಿನ ಮೇಲೆ ಗೋಪುರದಂತೆ ರಾಶಿ ಮಾಡಿ, ಪ್ರತಿ ಸಲಿಕೆಯನ್ನೂ ತುದಿಯ ಮೇಲೇ ಸುರಿಯುತ್ತ ಪಕ್ಕಕ್ಕೆ ಹೊಸ ರಾಶಿ ಕಟ್ಟಿ. ತುದಿಯಿಂದ ಎಲ್ಲ ಕಡೆಗೂ ಜಾರುವಾಗ ತಾನಾಗಿ ಬೆರೆಯುತ್ತದೆ. ಹೀಗೆ ಮೂರು ಸಲ ರಾಶಿ ಬದಲಿಸಿದರೆ ಬಣ್ಣ ಒಂದೇ ಸಮನಾಗುತ್ತದೆ.

ತೇವ ಎಷ್ಟಿರಬೇಕು? ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ, ಬೆರಳು ಬಿಚ್ಚಿ. ಬೆರಳ ಸಂದಿಯಿಂದ ನೀರು ಇಳಿಯಬಾರದು. ಉಂಡೆ ನಿಲ್ಲಬೇಕು, ಬೆರಳ ಗುರುತು ಅದರ ಮೇಲೆ ಮೂಡಿರಬೇಕು. ಹೆಬ್ಬೆರಳಿನಿಂದ ಒಮ್ಮೆ ತಟ್ಟಿದರೆ ರವೆ ಉಂಡೆ ಒಡೆದಂತೆ ಉದುರಬೇಕು. ತಟ್ಟಿದಾಗ ಬರೀ ಎರಡು ಹೋಳಾದರೆ ಮಣ್ಣು ಹೆಚ್ಚಾಗಿದೆ. ಉಂಡೆಯೇ ಕಟ್ಟದಿದ್ದರೆ ನೀರು ಸಾಲದು.

ಈಗ ಗೋಣಿ ಮುಚ್ಚಿ ನೆರಳಿನಲ್ಲಿ 15ರಿಂದ 20 ದಿನ ಬಿಡಿ. ನಾಲ್ಕೈದು ದಿನಕ್ಕೊಮ್ಮೆ ತಿರುವಿ, ಒಣಗಿದ್ದರೆ ನೀರು ಚಿಮುಕಿಸಿ. ಎಲ್ಲರೂ ಹಾರಿಸಿಬಿಡುವ ಹಂತ ಇದು, ಗಿಡ ಸಾಯುವುದೂ ಹೆಚ್ಚಾಗಿ ಇದರಿಂದಲೇ. ಹಿಂಡಿ ಕೊಳೆಯುವಾಗ ಬಿಸಿಯೇರುತ್ತದೆ, ಅಮೋನಿಯಾ ಬಿಡುತ್ತದೆ. ಆ ಹೊತ್ತಿಗೆ ಎಳೆಯ ಬೇರು ಅಲ್ಲಿದ್ದರೆ ಬೆಂದುಹೋಗುತ್ತದೆ. ಮೇಲೆ ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ಹಿಂಡಿಯನ್ನು ಕರಗಿಸುತ್ತಿರುವ ಶಿಲೀಂಧ್ರ ಅದು. ರಾಶಿಯ ನಡುವೆ ಕೈಯಿಟ್ಟಾಗ ತಣ್ಣಗಿದ್ದು, ಹಿಂಡಿಯ ಕಮಟು ಹೋಗಿ ಮಣ್ಣಿನ ವಾಸನೆ ಬಂದರೆ ನೆಡಬಹುದು. ಆಗ ಹೆಸರಘಟ್ಟದ್ದೇ ‘ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ’ ಅನ್ನು ಲೀಟರ್ ನೀರಿಗೆ 20 ಗ್ರಾಂನಂತೆ ಕಲಸಿ ಬುಡಕ್ಕೆ ಹಾಕಿದರೆ ಒಳ್ಳೆಯದು. ಸಾರಜನಕ ಹಿಡಿಯುವ, ರಂಜಕ ಮತ್ತು ಸತುವನ್ನು ಕರಗಿಸುವ ಜೀವಿಗಳು ಅದರಲ್ಲಿ ಒಟ್ಟಿಗೇ ಇವೆ.

ಹಿಂಡಿಯ ಬಗ್ಗೆ ಒಂದು ಎಚ್ಚರಿಕೆ. ಹರಳು ಹಿಂಡಿ ನಾಯಿಗಳಿಗೆ ವಿಷ, ಅದರ ರೈಸಿನ್ ಕೊಲ್ಲಬಲ್ಲದು. ಎಲುಬಿನ ಪುಡಿಯ ವಾಸನೆಗೆ ಬಂದ ನಾಯಿ ಹಿಂಡಿಯನ್ನೂ ತಿನ್ನುತ್ತದೆ. ಮನೆಯಲ್ಲಿ, ಬೀದಿಯಲ್ಲಿ ನಾಯಿ ಇರುವವರು ಹರಳು ಹಿಂಡಿಯನ್ನು ತರಲೇಬೇಡಿ. ಕಡಲೆಕಾಯಿ ಹಿಂಡಿ ವಿಷವಲ್ಲ, ಆದರೆ ಇಲಿ ಹೆಗ್ಗಣಗಳನ್ನು ಕರೆಯುತ್ತದೆ.

ಬೂದಿ, ಸುಣ್ಣ, ಮೊಟ್ಟೆ ಚಿಪ್ಪು

ಒಲೆ ಬೂದಿಯನ್ನು ಕೈತುಂಬ ಹಾಕುವುದು ಹಳ್ಳಿಯ ಹಿತ್ತಲಿನಿಂದ ಬಂದ ರೂಢಿ. ಅಲ್ಲಿ ಮಳೆ ನೀರು, ಇಲ್ಲಿ ಬೋರ್‌ವೆಲ್. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಪ್ರತಿ ಸಲ ನೀರು ಹಾಕಿದಾಗಲೂ ಕುಂಡದ ಪಿಎಚ್ (ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) ಅನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಅದರ ಮೇಲೆ ಬೂದಿ, ಸುಟ್ಟ ಹೊಟ್ಟು, ಸುಣ್ಣ ಮೂರೂ ಸೇರಿದರೆ ಪಿಎಚ್ 8 ಮುಟ್ಟಿ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಗಿಡಕ್ಕೆ ಸಿಗದಂತಾಗುತ್ತದೆ. ಗುಲಾಬಿ, ಮಲ್ಲಿಗೆ, ದಾಸವಾಳದ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಇದೇ. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಅದು ಸಾರಜನಕದ ಕೊರತೆ, ಅದಕ್ಕೆ ಹಿಂಡಿ ಸರಿ. ಎರಡನ್ನೂ ಒಂದೇ ಎಂದು ತಿಳಿದು ಗೊಬ್ಬರ ಸುರಿಯುವುದರಿಂದ ಹೊಸ ಎಲೆಯ ಹಳದಿ ಹೋಗುವುದಿಲ್ಲ.

ಪಾಶ್ಚಾತ್ಯರ ಕುಂಡದ ಮಿಶ್ರಣಗಳಲ್ಲಿ ಸುಣ್ಣ ಹೇಳಿರುವುದಕ್ಕೆ ಕಾರಣವಿದೆ. 1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆ ರೂಪಿಸಿದ ಹೆಸರಾಂತ ಮಿಶ್ರಣದಲ್ಲಿ 7 ಪಾಲು ಮಣ್ಣು, 3 ಪಾಲು ಪೀಟ್ (ಜೌಗು ನೆಲದ ಅರೆಕೊಳೆತ ಪಾಚಿ), 2 ಪಾಲು ಮರಳು. ಅಲ್ಲಿನ ಜೌಗಿನ ಪೀಟ್ ಹುಳಿ, ಅದನ್ನು ಸರಿದೂಗಿಸಲು ಸುಣ್ಣ. ನಮ್ಮ ಕೊಕೊಪೀಟ್ ಅಷ್ಟು ಹುಳಿಯಲ್ಲ. ನಮ್ಮಲ್ಲಿ ಸುಣ್ಣ ನಿಜವಾಗಿ ಬೇಕಾಗುವುದು ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ: 100 ಲೀಟರಿಗೆ 100 ಗ್ರಾಂ ಡಾಲೊಮೈಟ್ (ಮೆಗ್ನೀಸಿಯಂ ಇರುವ ಸುಣ್ಣದ ಕಲ್ಲಿನ ಪುಡಿ). ಮೊಟ್ಟೆ ಚಿಪ್ಪು ತುಂಡಾಗಿ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ. ಹಿಟ್ಟಿನಂತೆ ಬೀಸಿದರೂ ಕ್ಷಾರ ಮಣ್ಣಿನಲ್ಲಿ ಕರಗುವುದು ಬಹಳ ನಿಧಾನ. ಟೊಮೆಟೊ ಕಾಯಿಯ ತಳ ಕೊಳೆತಾಗ ಮೊದಲು ಸರಿಪಡಿಸಬೇಕಾದ್ದು ನೀರಿನ ಹೊತ್ತು. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಕ್ಯಾಲ್ಸಿಯಂ ಇದ್ದರೂ ಕಾಯಿಯವರೆಗೆ ಏರುವುದಿಲ್ಲ.

ಊರಿಗೆ ತಕ್ಕಂತೆ, ಗಿಡಕ್ಕೆ ತಕ್ಕಂತೆ

ಮಂಗಳೂರು, ಉಡುಪಿ, ಮಲೆನಾಡಿನಲ್ಲಿ ಜೂನ್‌ನಿಂದ ಮೂರು ತಿಂಗಳು ಮಿಶ್ರಣ ಒಣಗುವುದೇ ಇಲ್ಲ. ಅಲ್ಲಿ ಕೊಕೊಪೀಟ್ 15ಕ್ಕೆ ಇಳಿಸಿ, ಹೊಟ್ಟು-ಇಟ್ಟಿಗೆ ಚೂರು 30ಕ್ಕೆ ಏರಿಸಿ. ಕಲಬುರಗಿ, ರಾಯಚೂರು, ವಿಜಯಪುರದಲ್ಲಿ ಕೈಗೆ ಸಿಗುವುದು ಎರೆ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು. ಒಣಗಿದಾಗ ಬಿರುಕು, ನೆನೆದಾಗ ಉಬ್ಬು. ಅದನ್ನು 15 ಪಾಲಿಗಿಂತ ಹೆಚ್ಚು ಹಾಕಬೇಡಿ, ಅಲ್ಲಿನ ಒಣ ಹವೆಗೆ ಕೊಕೊಪೀಟ್ ಮೂರನೇ ಒಂದನ್ನು ಮೀರಿ 40ರವರೆಗೆ ಇರಲಿ, ಕುಂಡದ ಮೇಲೆ ಎರಡು ಇಂಚು ತರಗೆಲೆ ಹೊದಿಸಿ.

ಕರಿಬೇವು, ಮಲ್ಲಿಗೆ, ಗುಲಾಬಿಯಂಥ ವರ್ಷಗಟ್ಟಲೆ ಇರುವ ಗಿಡಕ್ಕೆ ಮಣ್ಣು 40 ಇರಲಿ, ಕೊಕೊಪೀಟ್ 20 ಸಾಕು. ಬೇಗ ಕರಗುವ ಪದಾರ್ಥ ಹೆಚ್ಚಿದ್ದರೆ ಎರಡನೇ ವರ್ಷಕ್ಕೆ ಗಿಡ ಕುಂಡದೊಳಗೆ ಅರ್ಧ ಅಡಿ ಕುಸಿದಿರುತ್ತದೆ. ಲೋಳೆಸರ, ದೊಡ್ಡಪತ್ರೆಗೆ ಅರ್ಧ ಮರಳು-ಇಟ್ಟಿಗೆ ಚೂರು, ಉಳಿದದ್ದು ಮಣ್ಣು, ಗೊಬ್ಬರ ಹತ್ತು ಪಾಲು, ಕೊಕೊಪೀಟ್ ಬೇಡವೇ ಬೇಡ. ಮೂಲಂಗಿ, ಕ್ಯಾರೆಟ್ಟಿಗೆ ಹಿಂಡಿ ಅರ್ಧಕ್ಕಿಳಿಸಿ, ಇಲ್ಲದಿದ್ದರೆ ಸೊಪ್ಪು ಹುಲುಸು, ಗಡ್ಡೆ ಕವಲು. ಸಸಿ ಟ್ರೇಗೆ ಮೂರು ಪಾಲು ಕೊಕೊಪೀಟ್, ಒಂದು ಪಾಲು ಸಣ್ಣಗೆ ಜರಡಿ ಹಿಡಿದ ಎರೆಗೊಬ್ಬರ, ಹಿಂಡಿ ಒಂದು ಚಿಟಿಕೆಯೂ ಬೇಡ.

ತಾರಸಿಯ ತೂಕವನ್ನು ಲೆಕ್ಕ ಹಾಕದೆ ಯಾರೂ ಮುಂದುವರಿಯಬಾರದು. ಜನ ಓಡಾಡುವ ತಾರಸಿಗೆ ಕಟ್ಟಡಗಳ ಭಾರ ಕುರಿತ ಭಾರತೀಯ ಮಾನಕವಾದ ಐಎಸ್ 875 ಸಂಹಿತೆಯ ಎರಡನೇ ಭಾಗ ಹೇಳುವ ಭಾರ ಚದರ ಮೀಟರಿಗೆ 1.5 ಕಿಲೊನ್ಯೂಟನ್, ಅಂದರೆ ಹತ್ತಿರ ಹತ್ತಿರ 150 ಕೆ.ಜಿ. ನೆನೆದ ಕೆಂಪು ಮಣ್ಣು ಲೀಟರಿಗೆ ಸುಮಾರು 1.7 ಕೆ.ಜಿ. ಒಂದಡಿ ಎತ್ತರ ಪಾತಿ ಕಟ್ಟಿದರೆ ಚದರ ಮೀಟರಿಗೆ 500 ಕೆ.ಜಿ. ದಾಟುತ್ತದೆ. ಮೇಲಿನ ಮಿಶ್ರಣ ನೆನೆದಾಗ ಲೀಟರಿಗೆ 1 ಕೆ.ಜಿ. ಆಸುಪಾಸು, 20 ಲೀಟರ್ ಬಕೆಟ್ಟಿಗೆ 20–22 ಕೆ.ಜಿ. ಚದರ ಮೀಟರಿಗೆ ನಾಲ್ಕು ಬಕೆಟ್, ನಡುವೆ ಓಡಾಡಲು ಜಾಗ, ದೊಡ್ಡ ಡ್ರಮ್ಮುಗಳು ತೊಲೆ ಮತ್ತು ಗೋಡೆಯ ನೇರಕ್ಕೆ ಮಾತ್ರ. ಅಗಲವಾದ ಪಾತಿ ಕಟ್ಟುವ ಆಸೆಯಿದ್ದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಿ.

ಕೆಟ್ಟಾಗ

ನೀರು ಹಾಕಿದ ಕೂಡಲೇ ತಳದಿಂದ ಸುರಿದುಹೋದರೆ ಒಳ್ಳೆಯ ಬಸಿಯುವಿಕೆ ಎಂದು ಸಂತೋಷಪಡಬೇಡಿ. ಪೂರ್ತಿ ಒಣಗಿದ ಮಿಶ್ರಣ ಕುಗ್ಗಿ, ಗೋಡೆಯ ಪಕ್ಕದ ಸಂದಿಯಲ್ಲಿ ನೀರು ಜಾರಿಹೋಗುತ್ತಿರುತ್ತದೆ. ಕುಂಡವನ್ನು ಟಬ್ಬಿನ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ಅದು ತಾನೇ ಕುಡಿದುಕೊಳ್ಳಲಿ. ಎಲೆಯಂಚು ಸುಟ್ಟು ಮಣ್ಣಿನ ಮೇಲೆ ಬಿಳಿ ಹುಡಿ ಕಂಡರೆ ಉಪ್ಪು ಕೂಡಿದೆ. ಕುಂಡದ ಗಾತ್ರದಷ್ಟು ನೀರನ್ನು, ಸಾಧ್ಯವಾದರೆ ಮಳೆ ನೀರನ್ನು, ನಿಧಾನವಾಗಿ ಎರಡು ಸಲ ಹಾಯಿಸಿ. ಸಣ್ಣ ಕಪ್ಪು ನೊಣ ಮಣ್ಣಿನ ಮೇಲೆ ಹಾರಾಡುತ್ತಿದ್ದರೆ ಗೊಬ್ಬರ ಹಸಿ, ಮೇಲ್ಮೈ ಸದಾ ಒದ್ದೆ. ಮೇಲಿನ ಒಂದು ಇಂಚು ಒಣಗಿದ ಮೇಲಷ್ಟೇ ನೀರು ಕೊಡಿ.

ಬೆಳೆ ಮುಗಿದು ಗಿಡ ಕಿತ್ತಾಗ ಬೇರನ್ನು ತೊಳೆದು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಬೆಂಡೆ, ಟೊಮೆಟೊ, ಬದನೆಯ ಬೇರು ಮಣಿ ಪೋಣಿಸಿದಂತೆ ಗಂಟುಗಂಟಾಗಿ ಊದಿಕೊಂಡಿದ್ದರೆ ಅದು ಜಂತುಹುಳು (ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ನೆಮಟೋಡ್). ಹುರುಳಿಕಾಯಿ, ಅವರೆಯ ಬೇರಿನಲ್ಲೂ ಗಂಟು ಇರುತ್ತದೆ, ಅದು ಬೇರೆ. ಅವರೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಮೀಟಿದರೆ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಅಲ್ಲಿ ಕೆಲಸ ಮಾಡುತ್ತಿದೆ. ಜಂತುಹುಳುವಿನ ಗಂಟು ಬೇರಿನ ಮೈಯೇ ಊದಿಕೊಂಡದ್ದು, ಮೀಟಿದರೆ ಬೇರು ಹರಿಯುತ್ತದೆ. ಅಂಥ ಬೇರನ್ನು ಕಾಂಪೋಸ್ಟಿಗೆ ಹಾಕದೆ ಹೊರಗೆ ಕಳಿಸಿ.

ಹಳೆಯ ಮಿಶ್ರಣವನ್ನು ಮಾತ್ರ ಎಸೆಯಬೇಡಿ. ಮಾರ್ಚ್‌ನಿಂದ ಮೇ ನಡುವೆ ಟಾರ್ಪಾಲಿನ ಮೇಲೆ ಆರು ಇಂಚು ದಪ್ಪಕ್ಕೆ ಹರಡಿ, ಚೆನ್ನಾಗಿ ತೇವ ಮಾಡಿ, ಪಾರದರ್ಶಕ ಪಾಲಿಥೀನ್ ಹೊದಿಸಿ ಅಂಚನ್ನು ಕಲ್ಲಿನಿಂದ ಮುಚ್ಚಿ. ಕಪ್ಪು ಹಾಳೆ ಬೇಡ, ಅದು ತಾನು ಬಿಸಿಯಾಗುತ್ತದೆಯೇ ಹೊರತು ಬಿಸಿಲನ್ನು ಮಣ್ಣಿಗೆ ಬಿಡುವುದಿಲ್ಲ. ನಾಲ್ಕು ವಾರ ಹೀಗೆ ಬೆಂದರೆ ಜಂತುಹುಳು, ಸೊರಗು ರೋಗದ ಶಿಲೀಂಧ್ರ, ಕಳೆ ಬೀಜ ಬಹುಪಾಲು ಸಾಯುತ್ತವೆ. ಒಳ್ಳೆಯ ಜೀವಿಗಳೂ ಕಡಿಮೆಯಾಗುತ್ತವೆ, ಅದಕ್ಕೇ ಟ್ರೈಕೋಡರ್ಮಾವನ್ನು ಇದಾದ ಮೇಲೆ ಹಾಕಬೇಕು, ಮೊದಲಲ್ಲ. ಆಮೇಲೆ 20 ಲೀಟರ್ ಹಳೆಯ ಮಿಶ್ರಣಕ್ಕೆ 5 ಲೀಟರ್ ಗೊಬ್ಬರ, 2 ಲೀಟರ್ ಸುಟ್ಟ ಹೊಟ್ಟು, 50 ಗ್ರಾಂ ಬೇವಿನ ಹಿಂಡಿ, 10 ಗ್ರಾಂ ಟ್ರೈಕೋಡರ್ಮಾ ಸೇರಿಸಿ ಎರಡು ವಾರ ಮಾಗಿಸಿ. ಡಬ್ಬಿಯ ಗಾಳಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಹಳೆಯ ಕೊಕೊಪೀಟ್ ಪುಡಿಯಾಗಿರುವುದರಿಂದ ಅಂಕಿ ಸಾಮಾನ್ಯವಾಗಿ ಇಳಿದಿರುತ್ತದೆ, 150 ಮುಟ್ಟುವವರೆಗೆ ಹೊಟ್ಟು ಹೆಚ್ಚಿಸಿ. ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ಮಿಶ್ರಣಕ್ಕೆ ಈ ಸಲ ಸೊಪ್ಪು ಅಥವಾ ಹುರುಳಿಕಾಯಿ ಹಾಕಿ. ಮಿಕ್ಕದ್ದನ್ನು ಗಾಳಿಯಾಡುವ ಗೋಣಿಚೀಲದಲ್ಲಿ, ನೆರಳಿನಲ್ಲಿ, ತುಸು ತೇವವಾಗಿಯೇ ಇಡಿ, ಚೀಲದ ಮೇಲೆ ತಾರೀಖು ಮತ್ತು ಹಿಂದೆ ಬೆಳೆದ ಗಿಡದ ಹೆಸರು ಬರೆದು.